ಗಾಲಿ ಮನೆಯ ವಿದ್ಯುತ್ ಜಮಾ-ಖರ್ಚು

ನಗದು ಪೆಟ್ಟಿಗೆಯಲ್ಲಿ ಎಷ್ಟಿದೆಯೆಂಬುದನ್ನು ತಿಳಿಯದೆ ದಿನವಹಿ ವೆಚ್ಚ ಮಾಡುವ ವರ್ತಕರು ವಿರಳ. ಆದರೆ ಅದೇ ವರ್ತಕರ ಅಂಗಡಿಯ ಮೂಲೆಯಲ್ಲಿ ಕುಳಿತಿರುವ ಇನ್ವರ್ಟರ್ ಬ್ಯಾಟರಿಯಲ್ಲಿ ಈ ಹೊತ್ತು ಎಷ್ಟು ಶಿಲ್ಕಿದೆ ಎಂದು ಕೇಳಿದರೆ ಉತ್ತರ ದೊರೆಯುವುದು ಕಷ್ಟ. ಹೊರಗೆ ವಿದ್ಯುತ್ ಕಂಬ ನಿಂತಿದೆ, ಒಂದೆರಡು ಗಂಟೆಯಲ್ಲಿ ಸರಬರಾಜು ಮರಳುತ್ತದೆ ಎಂಬ ಭರವಸೆಯೇ ಇದಕ್ಕೆ ಕಾರಣ. ಆ ಭರವಸೆ ಇಲ್ಲದ ಕಡೆ ಜನರು ವಿದ್ಯುತ್ತನ್ನು ಹೇಗೆ ಬಳಸುತ್ತಾರೆ ಎಂಬುದನ್ನು ಅರಿಯಲು ಅಮೆರಿಕದ ಟ್ರಾವೆಲ್ ಟ್ರೈಲರುಗಳಷ್ಟು ಉತ್ತಮ ಉದಾಹರಣೆ ಬೇರೊಂದಿಲ್ಲ.

ಟ್ರಾವೆಲ್ ಟ್ರೈಲರ್ ಎಂದರೆ ಕಾರು ಅಥವಾ ಪಿಕಪ್ ವಾಹನದ ಹಿಂದೆ ಕಟ್ಟಿ ಎಳೆದೊಯ್ಯುವ ಗಾಲಿ ಮನೆ. ಮಂಚ, ಅಡಿಗೆಯ ಒಲೆ, ಶೌಚಾಲಯ, ನೀರಿನ ತೊಟ್ಟಿ ಎಲ್ಲವೂ ಅದರೊಳಗೇ ಇರುತ್ತವೆ. ಇಂಡಿಯಾನಾ ರಾಜ್ಯದ ಎಲ್ಕ್‌ಹಾರ್ಟ್ ಈ ಉದ್ಯಮದ ರಾಜಧಾನಿ. ದೊಡ್ಡ ಕಂಪನಿಗಳ ಸುತ್ತ ಕಿಟಕಿ, ಆಸನ, ತೊಟ್ಟಿ, ವೈರಿಂಗ್ ಒದಗಿಸುವ ಅಸಂಖ್ಯ ಸಣ್ಣ ಕಾರ್ಖಾನೆಗಳು ಅಲ್ಲಿವೆ. 2008-09ರ ಆರ್ಥಿಕ ಕುಸಿತದಲ್ಲಿ ಜನರು ಗಾಲಿ ಮನೆ ಕೊಳ್ಳುವುದನ್ನು ನಿಲ್ಲಿಸಿದಾಗ ಇಡೀ ಊರೇ ನಿರುದ್ಯೋಗಕ್ಕೆ ಸಿಲುಕಿತು. 2009ರ ಫೆಬ್ರವರಿಯಲ್ಲಿ ಅಧ್ಯಕ್ಷ ಒಬಾಮಾ ಅವರೇ ಅಲ್ಲಿಗೆ ಭೇಟಿ ನೀಡಬೇಕಾಯಿತು. ಒಂದೇ ಉದ್ಯಮವನ್ನು ನೆಚ್ಚಿದ ಊರಿನ ಕಥೆ ನಮ್ಮ ಕೈಗಾರಿಕಾ ವಸಾಹತುಗಳಿಗೂ ಅಪರಿಚಿತವಲ್ಲ. ಲೆಕ್ಕಿಗರಿಗೆ ಮಾತ್ರ ರುಚಿಸುವ ಇನ್ನೊಂದು ಸಂಗತಿ: ಮಲಗುವ ಸ್ಥಳ, ಅಡಿಗೆಯ ಸೌಕರ್ಯ ಮತ್ತು ಶೌಚಾಲಯ ಈ ಮೂರೂ ಇದ್ದರೆ ಅಲ್ಲಿನ ಆದಾಯ ತೆರಿಗೆ ಕಾನೂನು ಗಾಲಿ ಮನೆಯನ್ನೂ ‘ಎರಡನೆಯ ಮನೆ’ ಎಂದು ಮಾನ್ಯ ಮಾಡುತ್ತದೆ, ಷರತ್ತುಗಳಿಗೊಳಪಟ್ಟು ಅದರ ಸಾಲದ ಬಡ್ಡಿಗೆ ವಿನಾಯಿತಿಯೂ ಇದೆ.

ಈ ಮನೆಗಳನ್ನು ನಿಲ್ಲಿಸಲು ಎರಡು ಬಗೆಯ ಸ್ಥಳಗಳುಂಟು. ಬಾಡಿಗೆ ತೆತ್ತು ತಂಗುವ ಶಿಬಿರತಾಣಗಳಲ್ಲಿ ಕಂಬಕ್ಕೆ ತಂತಿ ಜೋಡಿಸಿದರಾಯಿತು, ಮನೆಯಲ್ಲಿದ್ದಂತೆಯೇ ಇರಬಹುದು. ಎರಡನೆಯದು ಸರ್ಕಾರದ ಬಯಲು ಭೂಮಿ. ಅಮೆರಿಕದ ಪಶ್ಚಿಮ ರಾಜ್ಯಗಳಲ್ಲಿ ಭೂ ನಿರ್ವಹಣಾ ಇಲಾಖೆಗೆ ಸೇರಿದ ವಿಸ್ತಾರವಾದ ಪ್ರದೇಶದಲ್ಲಿ ಸಾಮಾನ್ಯವಾಗಿ 28 ದಿನಗಳ ಅವಧಿಯಲ್ಲಿ 14 ದಿನ ಶುಲ್ಕವಿಲ್ಲದೆ ಬೀಡುಬಿಡಬಹುದು. ಅರಿಜೋನಾದ ಕ್ವಾರ್ಟ್ಜ್‌ಸೈಟ್ ಎಂಬ ಪುಟ್ಟ ಊರಿನ ಸುತ್ತಣ ಮರುಭೂಮಿಯಲ್ಲಿ ಚಳಿಗಾಲ ಬಂತೆಂದರೆ ಸಾವಿರಾರು ಗಾಲಿ ಮನೆಗಳು ನೆರೆಯುತ್ತವೆ. ಅಲ್ಲಿ ಕಂಬವಿಲ್ಲ, ನಲ್ಲಿಯಿಲ್ಲ. ಇರುವುದು ಟ್ರೈಲರಿನ ಮೂತಿಯ ಮೇಲೆ ಕುಳಿತ ಒಂದೋ ಎರಡೋ ಬ್ಯಾಟರಿ ಮಾತ್ರ.

ಬ್ಯಾಟರಿ ಬರಿದಾದರೆ ಏನಾಗುತ್ತದೆ?

ದೀಪ ಆರುತ್ತದೆ, ಅಷ್ಟೇ ತಾನೆ ಎಂದು ತೋರಬಹುದು. ಸಂಗತಿ ಅಷ್ಟು ಸರಳವಾಗಿಲ್ಲ. ಎತ್ತರದ ಮರುಭೂಮಿಯಲ್ಲಿ ಚಳಿಗಾಲದ ರಾತ್ರಿ ಉಷ್ಣತೆ ಶೂನ್ಯಕ್ಕಿಂತ ಕೆಳಗಿಳಿಯುವುದು ಸಾಮಾನ್ಯ. ಟ್ರೈಲರಿನ ಹೀಟರು ಅನಿಲದಿಂದ ಉರಿಯುವಂಥದು. ಆದರೆ ಬಿಸಿ ಗಾಳಿಯನ್ನು ಒಳಕ್ಕೆ ತಳ್ಳುವ ಬ್ಲೋವರು ಬ್ಯಾಟರಿಯಿಂದ ತಿರುಗುತ್ತದೆ. ಬ್ಲೋವರು ತಕ್ಕಷ್ಟು ವೇಗವಾಗಿ ತಿರುಗಿ ಗಾಳಿ ಹೊಮ್ಮಿದರೆ ಮಾತ್ರ ಅದರ ಮುಂದಿರುವ ಪುಟ್ಟ ಸ್ವಿಚ್ಚು ಮುಚ್ಚಿಕೊಂಡು ಅನಿಲ ಹೊತ್ತಿಕೊಳ್ಳಲು ಅನುಮತಿ ದೊರೆಯುತ್ತದೆ. ಬ್ಯಾಟರಿಯ ಒತ್ತಡ ಕುಸಿದಾಗ ಬ್ಲೋವರು ನಿಧಾನವಾಗುತ್ತದೆ, ಸ್ವಿಚ್ಚು ಮುಚ್ಚುವುದಿಲ್ಲ. ಸಿಲಿಂಡರಿನಲ್ಲಿ ಅನಿಲ ತುಂಬಿದ್ದರೂ ನಸುಕಿನ ಮೂರು ಗಂಟೆಗೆ ಮನೆ ತಣ್ಣಗಾಗುತ್ತದೆ, ನೀರಿನ ಕೊಳವೆಗಳು ಹೆಪ್ಪುಗಟ್ಟಿ ಒಡೆಯುವ ಸಂಭವವೂ ಇರುತ್ತದೆ.

ಎರಡನೆಯದಾಗಿ, ನಿಂತಾಗ ಗೋಡೆಯನ್ನು ಹೊರಕ್ಕೆ ಚಾಚಿ ಕೋಣೆಯನ್ನು ಅಗಲ ಮಾಡುವ ವ್ಯವಸ್ಥೆ ಅನೇಕ ಟ್ರೈಲರುಗಳಲ್ಲಿದೆ. ಅದನ್ನು ಒಳಕ್ಕೆಳೆಯಲು ಬ್ಯಾಟರಿ ಬೇಕು. ಒಳಕ್ಕೆಳೆಯದೆ ಹೊರಡುವಂತಿಲ್ಲ. ಮೂರನೆಯದು ಎಲ್ಲಕ್ಕಿಂತ ಗಂಭೀರವಾದುದು. ಚಲಿಸುತ್ತಿರುವಾಗ ಕೊಂಡಿ ಕಳಚಿ ಟ್ರೈಲರು ಬೇರೆಯಾದರೆ ಅದರ ವಿದ್ಯುತ್ ಬ್ರೇಕುಗಳನ್ನು ತಾನಾಗಿ ಹಾಕುವ ತುರ್ತು ಸ್ವಿಚ್ಚೊಂದಿದೆ. ಆ ಬ್ರೇಕಿಗೆ ಶಕ್ತಿ ನೀಡುವುದು ಟ್ರೈಲರಿನ ಸ್ವಂತ ಬ್ಯಾಟರಿಯೇ. ರಾತ್ರಿ ಬಟ್ಟಬರಿದಾದ ಬ್ಯಾಟರಿಯೊಡನೆ ಬೆಳಿಗ್ಗೆ ಹೆದ್ದಾರಿಗಿಳಿಯುವವನು ವಿಮೆಯ ಕಂತು ಕಟ್ಟದೆ ವ್ಯಾಪಾರ ನಡೆಸುವವನಂತೆ. ಅಪಾಯವಿರುವುದು ಹಿಂದಿನ ವಾಹನದವರಿಗೆ ಸಹ.

ರೋಜು ಕಿರ್ದಿ

ಬ್ಯಾಟರಿಯ ಲೆಕ್ಕವನ್ನು ಆಂಪಿಯರ್-ಅವರ್ ಎಂಬ ಮಾನದಲ್ಲಿ ಇಡುತ್ತಾರೆ. 100 ಆಂಪಿಯರ್-ಅವರ್ ಎಂದರೆ 5 ಆಂಪಿಯರಿನಂತೆ 20 ಗಂಟೆ ನೀಡಬಲ್ಲುದು ಎಂದರ್ಥ. 12 ವೋಲ್ಟಿನ ಬ್ಯಾಟರಿಯಾದರೆ ಸುಮಾರು 1,200 ವ್ಯಾಟ್-ಅವರ್, ಅಂದರೆ ನಮ್ಮ ವಿದ್ಯುತ್ ಬಿಲ್ಲಿನ ಭಾಷೆಯಲ್ಲಿ ಒಂದು ಕಾಲು ಯೂನಿಟ್ಟಿಗೂ ಕಡಿಮೆ. ಹತ್ತು ರೂಪಾಯಿಯ ಆಸುಪಾಸಿನ ಸರಕು! ಅದನ್ನು ಹೊತ್ತೊಯ್ಯಲು ಸುಮಾರು 28 ಕಿಲೋ ತೂಕದ ಪೆಟ್ಟಿಗೆ ಬೇಕೆಂಬುದೇ ಸಮಸ್ಯೆಯ ಮೂಲ.

ಈಗ ಒಂದು ಸಾಮಾನ್ಯ ಟ್ರೈಲರನ್ನು ಕಲ್ಪಿಸಿಕೊಳ್ಳೋಣ. ಗಾಲ್ಫ್ ಬಂಡಿಗಳಲ್ಲಿ ಬಳಸುವ 6 ವೋಲ್ಟಿನ ಎರಡು ಸೀಸ-ಆಮ್ಲ ಬ್ಯಾಟರಿಗಳನ್ನು ಸರಣಿಯಲ್ಲಿ ಜೋಡಿಸಿದೆ. ಒಟ್ಟು 220 ಆಂಪಿಯರ್-ಅವರ್. ಸೀಸ-ಆಮ್ಲ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಬರಿದು ಮಾಡಿದಷ್ಟೂ ಅದರ ಆಯುಷ್ಯ ಕುಗ್ಗುತ್ತದೆ. ಆದುದರಿಂದ ಅರ್ಧವನ್ನು ಮೂಲಧನವೆಂದೂ ಉಳಿದ 110ನ್ನು ಮಾತ್ರ ಖರ್ಚಿಗೆ ದೊರೆಯುವ ಹಣವೆಂದೂ ತಿಳಿಯತಕ್ಕದ್ದು. ಇದು ಆರಂಭ ಶಿಲ್ಕು.

ಚಳಿಗಾಲದ ಒಂದು ದಿನದ ಖರ್ಚನ್ನು ನೋಡೋಣ. ಹೀಟರಿನ ಬ್ಲೋವರು ತಿರುಗುವಾಗ ಸುಮಾರು 7 ಆಂಪಿಯರ್ ಎಳೆಯುತ್ತದೆ. ರಾತ್ರಿಯಿಡೀ ಬಿಟ್ಟು ಬಿಟ್ಟು ಒಟ್ಟು 4 ಗಂಟೆ ತಿರುಗಿದರೆ 28. ರೆಫ್ರಿಜರೇಟರು ಅನಿಲದಿಂದಲೇ ನಡೆಯುವಂಥದಾದರೂ ಅದರ ನಿಯಂತ್ರಣ ಫಲಕಕ್ಕೆ ಅರ್ಧ ಆಂಪಿಯರ್ ಬೇಕು, 24 ಗಂಟೆಗೆ 12. ಅನಿಲ ಸೋರಿಕೆಯನ್ನು ಎಚ್ಚರಿಸುವ ಯಂತ್ರ, ರೇಡಿಯೋದ ಗಡಿಯಾರ ಮುಂತಾದ ಕಣ್ಣಿಗೆ ಬೀಳದ ಗಿರಾಕಿಗಳೆಲ್ಲ ಸೇರಿ ಇನ್ನರ್ಧ ಆಂಪಿಯರ್, ಮತ್ತೆ 12. ಎಲ್‌ಇಡಿ ದೀಪಗಳಿಗೆ 6. ನೀರಿನ ಪಂಪಿಗೆ 2. ಫೋನು, ಲ್ಯಾಪ್‌ಟಾಪುಗಳಿಗೆ 10. ಒಟ್ಟು 70.

ಜಮೆಯ ಬದಿಯಲ್ಲಿ ಚಾವಣಿಯ ಮೇಲಿನ 200 ವ್ಯಾಟಿನ ಸೌರಫಲಕವಿದೆ. ಅರಿಜೋನಾದ ಚಳಿಗಾಲದಲ್ಲಿ ಮಟ್ಟಸವಾಗಿ ಮಲಗಿಸಿದ ಫಲಕಕ್ಕೆ ದಿನಕ್ಕೆ ಮೂರೂವರೆ ಗಂಟೆಯ ಪೂರ್ಣ ಬಿಸಿಲಿಗೆ ಸಮನಾದುದು ದೊರೆಯುತ್ತದೆ ಎಂದಿಟ್ಟುಕೊಂಡು, ತಂತಿ, ಧೂಳು, ಬಿಸಿ ಇವುಗಳ ನಷ್ಟವೆಂದು ಕಾಲು ಭಾಗ ಕಳೆದರೆ ಬ್ಯಾಟರಿಗೆ ಸಲ್ಲುವುದು ಸುಮಾರು 42 ಆಂಪಿಯರ್-ಅವರ್. ದಿನಕ್ಕೆ 28ರ ಕೊರತೆ. 110ರ ಶಿಲ್ಕು ನಾಲ್ಕು ದಿನಕ್ಕೂ ಸಾಲದು. ಸೌರಫಲಕವೇ ಇಲ್ಲದಿದ್ದರೆ ಒಂದೂವರೆ ದಿನ. ಒಂದು ದಿನ ಮೋಡ ಮುಸುಕಿದರೆ ಈ ಮುಂಗಡಪತ್ರ ಬುಡಮೇಲಾಗುತ್ತದೆ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಫಲಕದ ಓಟದ ಬಗ್ಗೆ ಒಂದು ಮಾತು ಅಗತ್ಯ. ಕ್ವಾರ್ಟ್ಜ್‌ಸೈಟಿನಲ್ಲಿ ಡಿಸೆಂಬರ್ 21ರಂದು ನಡುಹಗಲಿನ ಸೂರ್ಯ ದಿಗಂತದಿಂದ ಸುಮಾರು 33 ಡಿಗ್ರಿಯಷ್ಟೇ ಮೇಲೇರುತ್ತಾನೆ. ಅದೇ ದಿನ ಬೆಂಗಳೂರಿನಲ್ಲಿ 53 ಡಿಗ್ರಿಗೂ ಹೆಚ್ಚು. ಆದುದರಿಂದಲೇ ಅನುಭವಸ್ಥರು ಫಲಕವನ್ನು ದಕ್ಷಿಣಕ್ಕೆ ಓರೆಯಾಗಿ ಎತ್ತಿ ನಿಲ್ಲಿಸುತ್ತಾರೆ. ಕೇವಲ ಎರಡು ಕಬ್ಬಿಣದ ಪಟ್ಟಿಗಳಿಂದ ಜಮೆ ಗಮನಾರ್ಹವಾಗಿ ಹೆಚ್ಚುತ್ತದೆ. ಫಲಕದ ಒಂದು ಮೂಲೆಯ ಮೇಲೆ ಮರದ ನೆರಳು ಬಿದ್ದರೂ ಇಡೀ ಫಲಕದ ಉತ್ಪಾದನೆ ಕುಸಿಯುತ್ತದೆ. ತಂಪಿಗೆಂದು ಮರದಡಿ ನಿಲ್ಲಿಸಿ ವಿದ್ಯುತ್ತಿಲ್ಲವೆಂದು ಗೊಣಗುವವರು ಅಲ್ಲೂ ಇದ್ದಾರೆ.

ಸೋರಿಕೆ ಎಲ್ಲಿ?

ಲೆಕ್ಕಪರಿಶೋಧನೆಯಲ್ಲಿ ದೊಡ್ಡ ಮೊತ್ತದ ರಶೀದಿಗಳಿಗಿಂತ ನಿತ್ಯದ ಸಣ್ಣ ವೋಚರುಗಳೇ ಹೆಚ್ಚು ಕಥೆ ಹೇಳುತ್ತವೆ. ಬ್ಯಾಟರಿಯಲ್ಲಿಯೂ ಹಾಗೆಯೇ. 2,000 ವ್ಯಾಟಿನ ಇನ್ವರ್ಟರನ್ನು ಚಾಲೂ ಮಾಡಿಟ್ಟು ಏನನ್ನೂ ಜೋಡಿಸದಿದ್ದರೂ ಅದು ತನ್ನ ಸ್ವಂತ ಖರ್ಚಿಗೆಂದು ಒಂದು ಆಂಪಿಯರನ್ನೋ ಅದಕ್ಕಿಂತ ಹೆಚ್ಚನ್ನೋ ನುಂಗುತ್ತಿರುತ್ತದೆ. ದಿನಕ್ಕೆ 24 ಆಂಪಿಯರ್-ಅವರ್! ಮೇಲಿನ 70ರ ಲೆಕ್ಕದಲ್ಲಿ ಮೂರನೆಯ ಒಂದು ಭಾಗ ಯಾವ ಕೆಲಸವೂ ಆಗದೆ ಹೋದಂತಾಯಿತು. ಫೋನನ್ನು 12 ವೋಲ್ಟಿನಿಂದ ನೇರವಾಗಿ ಚಾರ್ಜ್ ಮಾಡುವ ಬದಲು ಇನ್ವರ್ಟರ್ ಮೂಲಕ ಮಾಡುವುದೆಂದರೆ ನೆರೆಯೂರಿಗೆ ಹಣ ಕಳುಹಿಸಲು ಎರಡು ಬಾರಿ ದಲ್ಲಾಳಿ ಕೊಟ್ಟಂತೆ.

ಇನ್ನು ದೊಡ್ಡ ಖರ್ಚುಗಳು. ಮೈಕ್ರೋವೇವ್ ಒಲೆಯ ಮೇಲೆ 1,000 ವ್ಯಾಟ್ ಎಂದು ಬರೆದಿದ್ದರೂ ಅದು ಎಳೆಯುವುದು ಸುಮಾರು 1,500. ಬ್ಯಾಟರಿಯಿಂದ 125 ಆಂಪಿಯರಿಗೂ ಮೇಲೆ. ಹತ್ತು ನಿಮಿಷಕ್ಕೆ 20ಕ್ಕೂ ಹೆಚ್ಚು ಆಂಪಿಯರ್-ಅವರ್. ಚಾವಣಿಯ ಹವಾನಿಯಂತ್ರಕವಂತೂ ಒಂದೇ ಗಂಟೆಯಲ್ಲಿ 110ರ ಪೂರ್ತಿ ಶಿಲ್ಕನ್ನು ಮುಗಿಸುತ್ತದೆ.

ಅದರ ಮೇಲೆ ಇನ್ನೊಂದು ದಂಡವುಂಟು. ಜರ್ಮನಿಯ ವಿಜ್ಞಾನಿ ಪಾಯ್ಕರ್ಟ್ 1897ರಲ್ಲಿ ತೋರಿಸಿಕೊಟ್ಟಂತೆ, ಸೀಸ-ಆಮ್ಲ ಬ್ಯಾಟರಿಯಿಂದ ವೇಗವಾಗಿ ಎಳೆದಷ್ಟೂ ಅದು ಕೊಡುವ ಒಟ್ಟು ಮೊತ್ತವೇ ಕಡಿಮೆಯಾಗುತ್ತದೆ. 5 ಆಂಪಿಯರಿನಂತೆ 20 ಗಂಟೆ ಕೊಡುವ ಬ್ಯಾಟರಿ 100 ಆಂಪಿಯರಿನಂತೆ ಒಂದು ಗಂಟೆ ಕೊಡುವುದಿಲ್ಲ. ಅದಕ್ಕಿಂತ ಬಹಳ ಮೊದಲೇ ಕೈಚೆಲ್ಲುತ್ತದೆ. ಹುಂಡಿಯನ್ನು ಅವಧಿಗೆ ಮುನ್ನ ಮುರಿಸಿದರೆ ವಟ್ಟ ಕಳೆಯುವಂತೆಯೇ ಇದು. ನಮ್ಮಲ್ಲಿ ಬ್ಯಾಟರಿ ಕೊಳ್ಳುವವರೂ ಈ ಅಂಶವನ್ನು ಗಮನಿಸತಕ್ಕದ್ದು. ಇನ್ವರ್ಟರ್ ಬ್ಯಾಟರಿಯ ಮೇಲಿನ 150 ಎಂಬ ಅಂಕೆಯನ್ನು ಸಾಮಾನ್ಯವಾಗಿ 20 ಗಂಟೆಯ ದರದಲ್ಲಿಯೂ, ಸೌರ ಬ್ಯಾಟರಿಯ ಮೇಲಿನ ಅದೇ ಅಂಕೆಯನ್ನು 10 ಗಂಟೆಯ ದರದಲ್ಲಿಯೂ ನಮೂದಿಸಿರುತ್ತಾರೆ. ಅಂಕೆ ಒಂದೇ ಆದರೂ ಸರಕು ಒಂದೇ ಅಲ್ಲ.

ಶಿಲ್ಕು ತಿಳಿಯುವ ಬಗೆ

ಟ್ರೈಲರಿನ ಗೋಡೆಯ ಮೇಲೆ ಕಾರ್ಖಾನೆಯವರು ಇಟ್ಟುಕೊಟ್ಟಿರುವ ನಾಲ್ಕು ಪುಟ್ಟ ದೀಪಗಳಿರುತ್ತವೆ. ಅವು ತೋರಿಸುವುದು ಆ ಕ್ಷಣದ ವೋಲ್ಟೇಜನ್ನು ಮಾತ್ರ. ಚಾರ್ಜ್ ಆಗುತ್ತಿರುವಾಗ ಬರಿದಾದ ಬ್ಯಾಟರಿಯೂ ತುಂಬಿದಂತೆ ಕಾಣುತ್ತದೆ. ಕೆಲವು ಗಂಟೆಗಳ ಕಾಲ ಎಲ್ಲವನ್ನೂ ನಿಲ್ಲಿಸಿ, ವಿಶ್ರಾಂತಿ ನೀಡಿ ಅಳೆದಾಗ ಮಾತ್ರ ವೋಲ್ಟೇಜಿನ ಮಾತನ್ನು ನಂಬಬಹುದು. ಸೀಸ-ಆಮ್ಲ ಬ್ಯಾಟರಿ 12.6ರಿಂದ 12.7 ತೋರಿದರೆ ತುಂಬಿದೆ, 12.1ರಿಂದ 12.2 ಎಂದರೆ ಅರ್ಧ. 12ಕ್ಕಿಂತ ಕೆಳಗೆ ಹೋಗಗೊಡಬಾರದು. ಲಿಥಿಯಂ ಬ್ಯಾಟರಿಯಲ್ಲಿ ಈ ಉಪಾಯವೂ ನಡೆಯದು. ಅದರ ವೋಲ್ಟೇಜು ಬಹುಮಟ್ಟಿಗೆ ಕೊನೆಯವರೆಗೂ 13ರ ಮೇಲೆ ಸಮತಟ್ಟಾಗಿದ್ದು ಅಂತ್ಯದಲ್ಲಿ ಒಮ್ಮೆಗೇ ಬೀಳುತ್ತದೆ.

ಸರಿಯಾದ ಸಾಧನ ‘ಷಂಟ್’ ಎಂಬುದು. ಬ್ಯಾಟರಿಯ ಋಣ ತಂತಿಯಲ್ಲಿ ಕೂರಿಸುವ ಈ ಪಟ್ಟಿಯು ಒಳಬಂದ ಹಾಗೂ ಹೊರಹೋದ ಪ್ರತಿಯೊಂದು ಆಂಪಿಯರನ್ನೂ ಎಣಿಸಿ ನಿವ್ವಳ ಶಿಲ್ಕನ್ನು ತೋರಿಸುತ್ತದೆ. ಅಪ್ಪಟ ಕಿರ್ದಿ ಪುಸ್ತಕವೇ ಸರಿ. ಆದರೆ ಕಿರ್ದಿಯಂತೆ ಇದರಲ್ಲಿಯೂ ಸಣ್ಣ ಸಣ್ಣ ವ್ಯತ್ಯಾಸಗಳು ದಿನದಿಂದ ದಿನಕ್ಕೆ ಕೂಡಿಕೊಳ್ಳುತ್ತವೆ. ಬ್ಯಾಟರಿಯನ್ನು ಆಗಾಗ್ಗೆ ಪೂರ್ಣವಾಗಿ ತುಂಬಿಸಿ ಎಣಿಕೆಯನ್ನು ನೂರಕ್ಕೆ ಸರಿಹೊಂದಿಸಬೇಕು. ಬ್ಯಾಂಕಿನ ಪಾಸ್‌ಬುಕ್ಕಿನೊಡನೆ ತಾಳೆ ನೋಡುವ ಹಾಗೆ.

ತುಂಬುವ ಕ್ರಮ

ಸೀಸ-ಆಮ್ಲ ಬ್ಯಾಟರಿ ಸಾಲ ವಸೂಲಿಯ ಹಾಗೆ. ಮೊದಲ ಎಂಬತ್ತು ಭಾಗ ಬೇಗ ಬರುತ್ತದೆ, ಕೊನೆಯ ಇಪ್ಪತ್ತಕ್ಕೆ ದಿನವೆಲ್ಲ ಕಾಯಬೇಕು. ನಮ್ಮ ಉದಾಹರಣೆಯ ಬ್ಯಾಟರಿ ಅರ್ಧಕ್ಕೆ ಇಳಿದಿದ್ದರೆ 45 ಆಂಪಿಯರಿನ ಚಾರ್ಜರು ಅದನ್ನು ಒಂದೂವರೆ ಗಂಟೆಯಲ್ಲಿ ಶೇ. 80ಕ್ಕೆ ಏರಿಸಬಹುದು. ಉಳಿದುದಕ್ಕೆ ಇನ್ನೂ ಹಲವು ಗಂಟೆಗಳು ಬೇಕು. ಸಂಜೆ ಜನರೇಟರ್ ಹಚ್ಚಿ ಪೂರ್ತಿ ತುಂಬಿಸಲು ಹೊರಡುವವನು ಪೆಟ್ರೋಲನ್ನು ಹಾಳು ಮಾಡುತ್ತಾನೆ, ನೆರೆಯವರ ನಿದ್ರೆಯನ್ನೂ ಕೆಡಿಸುತ್ತಾನೆ. ತಿಳಿದವರು ಬೆಳಿಗ್ಗೆ ಎದ್ದೊಡನೆ ಒಂದೆರಡು ಗಂಟೆ ಜನರೇಟರ್ ನಡೆಸಿ ಭಾರಿ ಕೆಲಸವನ್ನು ಅದರಿಂದ ಮಾಡಿಸುತ್ತಾರೆ. ನಿಧಾನದ ಕೆಲಸವನ್ನು ಇಡೀ ಹಗಲು ಸೌರಫಲಕಕ್ಕೆ ಬಿಡುತ್ತಾರೆ. ಪುಕ್ಕಟೆ ಆಳಿಗೆ ತಾಳ್ಮೆಯ ಕೆಲಸ, ಕೂಲಿಯಾಳಿಗೆ ಭಾರದ ಕೆಲಸ! ಜನರೇಟರನ್ನು ಕಿಟಕಿ ಬಾಗಿಲುಗಳಿಂದ ದೂರವಿಡಬೇಕು. ಅದರ ಹೊಗೆಯಲ್ಲಿನ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ.

ದಾರಿಯಲ್ಲಿ ಎಳೆವ ವಾಹನದಿಂದಲೇ ಚಾರ್ಜ್ ಆಗುತ್ತದೆಂಬ ನಂಬಿಕೆಯೂ ಅರ್ಧಸತ್ಯ. ಉದ್ದನೆಯ ಸಪೂರ ತಂತಿಯಲ್ಲಿ ಒತ್ತಡ ಕುಸಿದು ಹಿಂದಿನ ಬ್ಯಾಟರಿಗೆ ಕೆಲವೇ ಆಂಪಿಯರ್ ತಲಪುತ್ತದೆ. ದಪ್ಪ ತಂತಿ ಎಳೆದು ಡಿಸಿ-ಡಿಸಿ ಚಾರ್ಜರು ಹಾಕಿದರೆ ಮಾತ್ರ ಪ್ರಯೋಜನ.

ಸೀಸವೋ, ಲಿಥಿಯಂ ಆಗಬಹುದೋ?

ಸೀಸ-ಆಮ್ಲ ಬ್ಯಾಟರಿಯನ್ನು ಫ್ರಾನ್ಸಿನ ಪ್ಲಾಂಟೆ 1859ರಲ್ಲಿ ರೂಪಿಸಿದರು. ಗಾಲಿ ಮನೆಗಳಲ್ಲಿ ಈಗ ಬಳಕೆಗೆ ಬಂದಿರುವ ಲಿಥಿಯಂ ಐರನ್ ಫಾಸ್ಫೇಟ್ ಬಗೆಯ ಮೂಲವು ಪಾಧಿ, ನಂಜುಂಡಸ್ವಾಮಿ ಮತ್ತು ಗುಡ್‌ಎನಫ್ 1997ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾನಿಲಯದಿಂದ ಪ್ರಕಟಿಸಿದ ಸಂಶೋಧನೆಯಲ್ಲಿದೆ. ಲಿಥಿಯಂ-ಅಯಾನ್ ಬ್ಯಾಟರಿಗಳ ಸಾಧನೆಗಾಗಿ ಗುಡ್‌ಎನಫ್ ಅವರಿಗೆ 2019ರಲ್ಲಿ ಇನ್ನಿಬ್ಬರೊಡನೆ ನೊಬೆಲ್ ಪ್ರಶಸ್ತಿ ಬಂದಿತು. ಈ ಬಗೆಯ ಬ್ಯಾಟರಿ ಅರ್ಧಕ್ಕಿಂತ ಕಡಿಮೆ ತೂಕದಲ್ಲಿ ಶೇ. 80ರಿಂದ 90ರಷ್ಟನ್ನು ಧಾರಾಳವಾಗಿ ಕೊಡುತ್ತದೆ. ಸಾವಿರಾರು ಬಾರಿ ತುಂಬಿ ಬರಿದು ಮಾಡಬಹುದು. ಒಂದೇ ದೋಷವೆಂದರೆ ಶೂನ್ಯ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಿದರೆ ಕೆಡುತ್ತದೆ.

ಮಾರಾಟಗಾರರು ಇಲ್ಲಿಗೆ ಲೆಕ್ಕ ಮುಗಿಸುತ್ತಾರೆ. ಲೆಕ್ಕ ಇಲ್ಲಿಂದ ಆರಂಭವಾಗಬೇಕು. ಬೆಲೆಗಳು ಬದಲಾಗುತ್ತಲೇ ಇರುವುದರಿಂದ ಕೆಳಗಿನ ಅಂಕೆಗಳನ್ನು ಕೇವಲ ಉದಾಹರಣೆಯೆಂದು ತಿಳಿಯತಕ್ಕದ್ದು. ಬಳಕೆಗೆ 110 ಆಂಪಿಯರ್-ಅವರ್ ದೊರೆಯುವ ಸೀಸದ ಜೋಡಿಗೆ 30,000 ರೂಪಾಯಿ, ಆಯುಷ್ಯ 700 ಆವರ್ತನೆ; 90 ದೊರೆಯುವ ಲಿಥಿಯಮ್ಮಿಗೆ 45,000 ರೂಪಾಯಿ, 3,000 ಆವರ್ತನೆ ಎಂದಿಟ್ಟುಕೊಳ್ಳೋಣ. ವರ್ಷವಿಡೀ ಗಾಲಿ ಮನೆಯಲ್ಲೇ ಬಾಳುವವರಿಗೆ ಸೀಸದ ಒಂದು ಆಂಪಿಯರ್-ಅವರ್ 39 ಪೈಸೆಗೆ ಬೀಳುತ್ತದೆ, ಲಿಥಿಯಮ್ಮಿನದು 17 ಪೈಸೆಗೆ. ನಿರ್ಣಯ ಸ್ಪಷ್ಟ. ಆದರೆ ವರ್ಷಕ್ಕೆ 15 ರಾತ್ರಿ ಮಾತ್ರ ಬಯಲಲ್ಲಿ ಕಳೆಯುವ ಕುಟುಂಬಕ್ಕೆ ಆವರ್ತನೆಗಳು ಮುಗಿಯುವುದೇ ಇಲ್ಲ. ಬ್ಯಾಟರಿ ಸಾಯುವುದು ವಯಸ್ಸಿನಿಂದ. ಸೀಸಕ್ಕೆ 6 ವರ್ಷ, ಲಿಥಿಯಮ್ಮಿಗೆ 10 ವರ್ಷ ಹಿಡಿದರೆ ಅನುಕ್ರಮವಾಗಿ 3 ರೂ. 3 ಪೈಸೆ, 3 ರೂ. 33 ಪೈಸೆ. ಲಾಭವೆಲ್ಲ ಕರಗಿಹೋಯಿತು! ಒಂದೇ ಪಾಳಿ ನಡೆಯುವ ಕಾರ್ಖಾನೆಗೆ ಮೂರು ಪಾಳಿಯ ಯಂತ್ರ ತಂದವರಿಗೆ ಈ ನಷ್ಟದ ಪರಿಚಯವಿರುತ್ತದೆ. ತೂಕ ಕಡಿಮೆ, ನೀರು ಹಾಕುವ ತಾಪತ್ರಯವಿಲ್ಲ ಎಂಬ ಅನುಕೂಲಕ್ಕಾಗಿ ಕೊಳ್ಳುವುದಾದರೆ ಅದು ಬೇರೆ ಮಾತು.

ಸವಕಳಿಯ ಇನ್ನೊಂದು ತುದಿ ಗುಜರಿ ಬೆಲೆ. ಹಳೆಯ ಸೀಸದ ಬ್ಯಾಟರಿಗೆ ಅಮೆರಿಕದಲ್ಲಿಯೂ ನಮ್ಮಲ್ಲಿಯೂ ವಿನಿಮಯ ಮೌಲ್ಯವಿದೆ. ನಮ್ಮ ದೇಶದಲ್ಲಿ 2001ರ ನಿಯಮಗಳ ಸ್ಥಾನದಲ್ಲಿ ಬಂದ 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಲಿಥಿಯಂ ಸೇರಿದಂತೆ ಎಲ್ಲ ಬಗೆಗಳಿಗೂ ಅನ್ವಯಿಸುತ್ತವೆ. ಹಿಂಪಡೆಯುವ ಹೊಣೆ ಉತ್ಪಾದಕರದು. ತೆರಿಗೆಯ ಮಟ್ಟಿಗೆ ಹೇಳುವುದಾದರೆ, ಲಿಥಿಯಂ-ಅಯಾನ್ ಬ್ಯಾಟರಿಗಳ ಜಿಎಸ್‌ಟಿ 2018ರಲ್ಲಿಯೇ ಶೇ. 28ರಿಂದ 18ಕ್ಕೆ ಇಳಿದಿತ್ತು. ಸೀಸದ ಬ್ಯಾಟರಿಗೆ ಆ ಭಾಗ್ಯ ಬಂದುದು 2025ರ ಸೆಪ್ಟೆಂಬರ್ 22ರಂದು.

ನಮ್ಮ ಕ್ಯಾರವಾನುಗಳು

ಕೇರಳವು 2021ರಲ್ಲಿ ಕ್ಯಾರವಾನ್ ಪ್ರವಾಸೋದ್ಯಮ ಯೋಜನೆಯನ್ನು ಪ್ರಕಟಿಸಿದ ಬಳಿಕ ದಕ್ಷಿಣದ ರಾಜ್ಯಗಳಲ್ಲಿ ಈ ಬಗ್ಗೆ ಆಸಕ್ತಿ ಮೂಡಿದೆ. ಮೋಟಾರು ಕ್ಯಾರವಾನುಗಳಿಗೆ ಎಐಎಸ್-124 ಎಂಬ ಮಾನದಂಡವೂ ಇದೆ. ಬಸ್ಸು-ವ್ಯಾನುಗಳ ಒಡಲು ಕಟ್ಟುವ ನಮ್ಮ ಕಾರ್ಯಾಗಾರಗಳಿಗೆ ಇದು ಹೊಸ ಕೆಲಸವಾಗಬಲ್ಲುದು. ಆದರೆ ಅರಿಜೋನಾದ ಕಿರ್ದಿಯನ್ನು ಇಲ್ಲಿಗೆ ನಕಲು ಮಾಡುವಂತಿಲ್ಲ. ಅಲ್ಲಿ ರಾತ್ರಿಯ ಖರ್ಚು ಹೀಟರು, ಇಲ್ಲಿ ಹವಾನಿಯಂತ್ರಕ.

ಏಪ್ರಿಲ್ ತಿಂಗಳ ಹಂಪಿಯಲ್ಲಿ ಒಂದು ಟನ್ನಿನ ಇನ್ವರ್ಟರ್ ಎಸಿ ಸರಾಸರಿ 600 ವ್ಯಾಟಿನಂತೆ 8 ಗಂಟೆ ನಡೆದರೆ 4.8 ಯೂನಿಟ್. ಅದಕ್ಕೆ 100 ಆಂಪಿಯರ್-ಅವರಿನ ಐದು ಲಿಥಿಯಂ ಬ್ಯಾಟರಿಗಳು ಬೇಕು. ಮರುದಿನ ಬಿಸಿಲಿನಿಂದಲೇ ತುಂಬಿಸಬೇಕಾದರೆ ಸುಮಾರು 1,400 ವ್ಯಾಟಿನ ಫಲಕ, ಅಂದರೆ 75 ಚದರ ಅಡಿಯಷ್ಟು ಜಾಗ. ಎಸಿ ಘಟಕ, ಗಾಳಿಗಿಂಡಿಗಳನ್ನು ಕಳೆದು ಸಣ್ಣ ವ್ಯಾನಿನ ಚಾವಣಿಯಲ್ಲಿ ಅಷ್ಟು ಉಳಿಯುವುದಿಲ್ಲ; ಉಳಿದರೂ ವಾಹನವನ್ನು ಬಿಸಿಲಿಗೇ ನಿಲ್ಲಿಸಬೇಕು, ಆಗ ಎಸಿಯ ಖರ್ಚು ಇನ್ನೂ ಏರುತ್ತದೆ. ಆದುದರಿಂದ ‘ಸಂಪೂರ್ಣ ಸೌರಶಕ್ತಿ’ ಎಂದು ಕೈಪತ್ರದಲ್ಲಿ ಅಚ್ಚು ಹಾಕಿಸುವ ಮೊದಲು ತಯಾರಕರು ಈ ನಾಲ್ಕು ಸಾಲಿನ ಲೆಕ್ಕ ಹಾಕಿ ನೋಡುವುದು ಒಳ್ಳೆಯದು. ದೀಪ, ಫ್ಯಾನು, ಪಂಪು, 12 ವೋಲ್ಟಿನ ಫ್ರಿಜ್ಜುಗಳನ್ನು ಬ್ಯಾಟರಿಯ ಖಾತೆಗೂ, ಎಸಿಯನ್ನು ಶಿಬಿರತಾಣದ ಕಂಬದ ಖಾತೆಗೂ ಬರೆದು, ಗಿರಾಕಿಗೆ ಅದನ್ನು ಮೊದಲೇ ತಿಳಿಸಿದರೆ ತಕರಾರಿಗೆ ಎಡೆಯಿರುವುದಿಲ್ಲ.